ಭಾವನವರ ಕಾರಿನ ಹಳದಿ ದೀಪ

ಕಾರಿಗೆ ಜ್ವರ ಬಂದಿದೆಯೇ ಎಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅಂಗೈ ಸಾಲದೆಂದು ಕೈ ತಿರುಗಿಸಿ ಹಿಂಬದಿಯಿಂದಲೂ ಮುಟ್ಟಿ ನೋಡುವವರನ್ನು? ನಾನು ಕಂಡಿದ್ದೇನೆ. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ದೊಡ್ಡಬಳ್ಳಾಪುರದ ಅರ್ಧ ಊರು "ಓ, ಅವರಾ!" ಎಂದು ನಗುತ್ತದೆ. ಉಳಿದರ್ಧ ಊರು ಆಗಲೇ ನಕ್ಕು ಮುಗಿಸಿದೆ.

ಭಾವನವರ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಸೀರೆ ನೇಯುವ ಪವರ್‌ಲೂಮ್ ಮಗ್ಗಗಳಿವೆ. ನಮ್ಮ ಮನೆ ಪಕ್ಕದ್ದೇ, ನಡುವೆ ಒಂದು ಮೋಟುಗೋಡೆ. ಮಗ್ಗದ ಕಟಕಟ ಇಲ್ಲದಿದ್ದರೆ ನಮ್ಮ ಬೀದಿಯವರಿಗೆ ಮಧ್ಯಾಹ್ನದ ನಿದ್ದೆಯೇ ಹತ್ತುವುದಿಲ್ಲ. ಊಟಕ್ಕೆ ಕುಳಿತ ಭಾವ ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟನೆ ನಿಲ್ಲಿಸಿ, "ಕಿಟಕಿ ಪಕ್ಕದ ಮಗ್ಗದಲ್ಲಿ ಎಳೆ ಕಿತ್ಕೊಂಡಿದೆ" ಎನ್ನುತ್ತಾರೆ. ಹೋಗಿ ನೋಡಿದರೆ ಕಿತ್ತುಕೊಂಡೇ ಇರುತ್ತದೆ! ಅಷ್ಟು ಚುರುಕು ಕಿವಿ. ಆದರೆ ಅದೇ ಕಿವಿಗೆ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದು ಅಕ್ಕ ಬಾಗಿಲಿನವರೆಗೆ ಬಂದು ಹೇಳಿದರೂ ಕೇಳಿಸುವುದಿಲ್ಲ. "ನಾನೂ ಕಟಕಟ ಅಂದಿದ್ರೆ ಕೇಳಿಸ್ತಿತ್ತೇನೋ" ಎಂದು ಅಕ್ಕ ಗೊಣಗುತ್ತಾಳೆ.

ಯಂತ್ರವೆಂದರೆ ಭಾವನವರಿಗೆ ಮನೆಯ ಮಂದಿಯಲ್ಲಿ ಒಬ್ಬರು. ಶುಕ್ರವಾರ ಸಂಜೆಯಾಯಿತೆಂದರೆ ಬಟ್ಟಲಿನಲ್ಲಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಒಂದೊಂದು ಮಗ್ಗಕ್ಕೂ ಧೂಪ ಹಿಡಿಯುತ್ತಾರೆ. ಮಗ್ಗಕ್ಕೆ ಧೂಪ ಹಾಕುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಮಗ್ಗಕ್ಕೆ ನಿಲ್ಲಿಸುತ್ತಾರೆ! ಭಾವ ಅಲ್ಲಿಂದ ಶುರು ಮಾಡುತ್ತಾರೆ. ನೀರಿನ ಪಂಪು, ವಾಷಿಂಗ್ ಮೆಷಿನ್ನು, ಮಿಕ್ಸಿ, ಫ್ರಿಜ್ಜು, ಎಲ್ಲಕ್ಕೂ ಧೂಪ. ಒಮ್ಮೆ ಅವರ ಮಗಳು ಮನೆಯಿಂದಲೇ ಆಫೀಸಿನ ವಿಡಿಯೋ ಮೀಟಿಂಗಿನಲ್ಲಿದ್ದಾಗ ಲ್ಯಾಪ್‌ಟಾಪಿಗೂ ಹಿಡಿದರು. ಪರದೆಯ ತುಂಬ ಹೊಗೆ. ಆ ಕಡೆಯಿಂದ ಮ್ಯಾನೇಜರು, "ಮೇಡಂ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ, ಮೊದಲು ಆಚೆ ಓಡಿ!" ಎಂದು ಕೂಗಿಕೊಂಡರಂತೆ.

ಇಂಥ ಮನೆಗೆ ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಪಾಪದ ಕಾರು! ಅದಕ್ಕೇನು ಗೊತ್ತಿತ್ತು? ಬಂದ ಶುಕ್ರವಾರವೇ ಭಾವ ಬಾನೆಟ್ಟು ಎತ್ತಿ, ಇಂಜಿನ್ ಚಾಲೂ ಮಾಡಿ, ಒಳಗಿದ್ದ ಒಂದು ಕಪ್ಪು ಡಬ್ಬದ ಕ್ಲಿಪ್ಪುಗಳನ್ನು ಬಿಚ್ಚಿ, ಮುಚ್ಚಳ ಎತ್ತಿ ಹಿಡಿದು ಧೂಪ ಹಾಕಿದರು. ಹೊಗೆ ಸುರ್ರನೆ ಒಳಗೆ ಹೋಯಿತು.

"ಮುಚ್ಚಳ ಯಾಕೆ ಭಾವ ತೆಗೀತೀರ?" ಎಂದು ಗೋಡೆಯ ಈಚೆಯಿಂದ ಕೇಳಿದೆ.

"ಮುಚ್ಚಳ ಮುಚ್ಚಿ ಪೂಜೆ ಮಾಡಿದ್ರೆ ಅದು ಮುಚ್ಚಳಕ್ಕೆ ಮಾಡಿದ ಪೂಜೆ ಕಣಮ್ಮ. ಒಳಗಿರೋನಿಗೆ ತಲುಪೋದು ಬೇಡ್ವಾ? ನೋಡು, ಹೆಂಗೆ ಆಸೆಯಿಂದ ಎಳ್ಕೊಳ್ತಾನೆ!"

ನನಗೂ ಸರಿಯೆನಿಸಿತು. ಕಾರಿನ ವಿಷಯ ನನಗೇನು ಗೊತ್ತು?

ಹಳದಿ ದೀಪ ಮೊದಲು ಹತ್ತಿದ್ದು ಅವರೆಕಾಯಿ ಕಾಲದಲ್ಲಿ. ತ್ಯಾಮಗೊಂಡ್ಲಿನ ನೆಂಟರ ಗೃಹಪ್ರವೇಶಕ್ಕೆ ಹೋಗಿ ವಾಪಸ್ಸು ಬರುತ್ತಿದ್ದೆವು. ನೆಂಟರು ಕೊಟ್ಟ ಅವರೆಕಾಯಿ ಚೀಲ ನನ್ನ ತೊಡೆಯ ಮೇಲಿತ್ತು, ಅದಕ್ಕೇ ಚೆನ್ನಾಗಿ ನೆನಪಿದೆ. ಸ್ಟಿಯರಿಂಗಿನ ಹಿಂದಿನ ಗಾಜಿನಲ್ಲಿ ಒಂದು ಸಣ್ಣ ಹಳದಿ ಚಿತ್ರ ಹೊತ್ತಿಕೊಂಡಿತು. ಭಾವ ನಡುರಸ್ತೆಯಲ್ಲೇ ಬ್ರೇಕು ಹಾಕಿಬಿಟ್ಟರು. ಹಿಂದೆ ಬಸ್ಸು, ಅದರ ಹಿಂದೆ ಟ್ರ್ಯಾಕ್ಟರು, ಎಲ್ಲರದೂ ಹಾರನ್ನು. ಇವರು ಮಾತ್ರ ಆ ಚಿತ್ರವನ್ನೇ ನೋಡುತ್ತಾ ಕುಳಿತರು.

"ಏನೇ ಇದು? ನಲ್ಲಿ ಇದ್ದಂಗಿದೆ."

"ಹಾಲಿನ ಕ್ಯಾನ್ ರೀ" ಎಂದಳು ಅಕ್ಕ.

ನನಗೆ ಬೋರ್‌ವೆಲ್ ಮೋಟಾರಿನಂತೆ ಕಂಡಿತು, ಹೇಳಿದೆ. ಅಷ್ಟರಲ್ಲಿ ಬಸ್ಸಿನ ಕಂಡಕ್ಟರು ಇಳಿದು ಬಂದು ಕಿಟಕಿಗೆ ಬಾಗಿದರು. "ಏನ್ ಯಜಮಾನ್ರೇ, ರೋಡಲ್ಲೇ ಮನೆ ಮಾಡ್ಕೊಂಡ್ರಾ?" ಎಂದವರು ತಾವೂ ಒಳಗೆ ಇಣುಕಿ, "ಇದು ಇಂಜಿನ್ ಅಲ್ವಾ!" ಎಂದರು.

ಮನೆಗೆ ಬಂದ ಮೇಲೆ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. "ಅಪ್ಪಾ, ಅದು ಚೆಕ್ ಇಂಜಿನ್ ಲೈಟು. ಇಂಜಿನ್ ಒಂದ್ಸಲ ತೋರಿಸಿ ಅಂತ ಅರ್ಥ."

"ತೋರಿಸು ಅಂತ ಹೇಳೋಕೆ ಬರುತ್ತೆ, ಏನಾಗಿದೆ ಅಂತ ಹೇಳೋಕೆ ಬಾಯಿಲ್ವಾ ಇದಕ್ಕೆ?" ಎಂದು ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಕೈ ತಿರುಗಿಸಿ ಇಟ್ಟರು. ಕಿವಿ ಆನಿಸಿ ಬಹಳ ಹೊತ್ತು ಕೇಳಿದರು. ಆಮೇಲೆ ತೀರ್ಪು ಕೊಟ್ಟರು: "ಸದ್ದು ಸರಿಯಾಗಿದೆ. ದೀಪ ಸುಳ್ಳು ಹೇಳ್ತಿದೆ."

ಆದರೂ ಗ್ಯಾರೇಜಿಗೆ ಹೋಗಲೇಬೇಕಾಯಿತು. ಗ್ಯಾರೇಜಿನ ಬಾಬಣ್ಣ ಭಾವನವರ ಓರಗೆಯವರು, ಮಾತಿನಲ್ಲಿ ಅವರಿಗಿಂತ ಒಂದು ಕೈ ಮೇಲು. ಸ್ಕ್ಯಾನರ್ ಸಿಕ್ಕಿಸಿ ನೋಡಿದರು. "ಏನೂ ಇಲ್ಲ ಯಜಮಾನ್ರೇ, ಯಾವುದೋ ಸೆನ್ಸರ್ ಗಲಾಟೆ" ಎಂದು ಒಂದು ಗುಂಡಿ ಒತ್ತಿದರು. ದೀಪ ಆರಿತು. ಭಾವ ಸಂತೋಷದಿಂದ ಮನೆಗೆ ಬಂದು, ಕೃತಜ್ಞತೆಗೆಂದು ಕಾರಿಗೆ ಇನ್ನೊಂದು ಧೂಪ ಹಾಕಿದರು. ಹೆಚ್ಚು ದಿನ ಕಳೆದಿರಲಿಲ್ಲ, ದೀಪ ಮತ್ತೆ ಹಾಜರು!

ಅಲ್ಲಿಂದ ಶುರುವಾಯಿತು ನೋಡಿ ಯಾತ್ರೆ. ಪೆಟ್ರೋಲು ಕಲಬೆರಕೆ ಇರಬೇಕು ಎಂದರು ಬಾಬಣ್ಣ. ಭಾವ ಬಂಕು ಬದಲಿಸಿದರು. ಟ್ಯಾಂಕಿನ ಮುಚ್ಚಳ ಸಡಿಲ ಎಂದರು. ಮುಚ್ಚಳ ಬದಲಾಯಿತು. ಇಲಿ ವೈರು ಕಡಿದಿರಬೇಕು ಎಂದರು. ಭಾವ ಕಾರಿನ ಕೆಳಗೆ ಇಲಿಬೋನು ಇಟ್ಟರು. ಇಲಿ ಬೀಳಲಿಲ್ಲ. ನಮ್ಮ ಮನೆಯ ಬೆಕ್ಕು ಬಿತ್ತು. ಕೊನೆಗೆ ಬಾಬಣ್ಣ ಆ ಗಲಾಟೆಯ ಸೆನ್ಸರನ್ನೇ ತೆಗೆದುಹಾಕಿ ಹೊಸದನ್ನು ಕೂರಿಸಿದರು. ಹೊಸದಕ್ಕೂ ಅದೇ ರೋಗ.

"ಏನಪ್ಪಾ ಬಾಬಣ್ಣ, ನೀನು ದೀಪ ಆರಿಸ್ತೀಯ ಅಷ್ಟೇ. ಕಾಯಿಲೆ ವಾಸಿ ಮಾಡಲ್ಲ."

"ಕಾಯಿಲೆ ಕಾರಿಗಿದೆಯೋ ಅದನ್ನ ಓಡಿಸೋರಿಗಿದೆಯೋ ಅಂತ ನನಗೆ ಈಗ ಡೌಟು ಯಜಮಾನ್ರೇ!"

ಭಾವನವರಿಗೆ ಡೌಟೇ ಇರಲಿಲ್ಲ. ಇದು ದೃಷ್ಟಿ. ಎದುರುಮನೆಯವರು ಕಾರು ನೋಡಿ "ಚೆನ್ನಾಗಿದೆ" ಎಂದಿದ್ದರಲ್ಲ, ಮತ್ತೇನು? ನಿಂಬೆಹಣ್ಣು, ಮೆಣಸಿನಕಾಯಿ ಬಂಪರಿಗೆ ಕಟ್ಟಿದರು. ಶುಕ್ರವಾರದ ಧೂಪದ ಜೊತೆಗೆ ಮಂಗಳವಾರವೂ ಒಂದು ಧೂಪ ಸೇರಿತು. ದೀಪ ಇನ್ನೂ ಬೇಗ ಬೇಗ ಹತ್ತತೊಡಗಿತು. ಅದು ಹತ್ತಿದಷ್ಟೂ ಇವರು ಸಾಂಬ್ರಾಣಿ ಹೆಚ್ಚಿಸಿದರು. ಅಂಗಡಿಯ ಶೆಟ್ಟರು, "ಮನೇಲಿ ಏನು, ಹೋಮ ಇಟ್ಕೊಂಡಿದೀರಾ?" ಎಂದು ನನ್ನನ್ನೇ ಕೇಳಿದರು.

ಇದು ಬರೀ ನಗುವ ವಿಷಯವಾಗಿದ್ದರೆ ನಾನು ಇಷ್ಟು ದಿನ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಭಾವನವರ ಮಗಳು ಸೀಮಂತ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಬ್ಬಳೇ ಮಗಳು. ತೋರಿಸುತ್ತಿದ್ದ ಆಸ್ಪತ್ರೆ ಇರುವುದು ದೇವನಹಳ್ಳಿಯಲ್ಲಿ. ತಮ್ಮ ಕಾರಿನಲ್ಲೇ, ತಾವೇ ಓಡಿಸಿಕೊಂಡು ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ಭಾವನವರ ಒಂದೇ ಹಟ. ನಿಜ ಹೇಳಬೇಕೆಂದರೆ ಆ ಕಾರು ಮನೆಗೆ ಬಂದದ್ದೇ ಅದಕ್ಕಾಗಿ. ಅದು ನಮಗೆ ಗೊತ್ತಾಗಿದ್ದು ಅಳಿಯಂದಿರು ಒಂದು ಭಾನುವಾರ ಹೊಸಕೋಟೆಯಿಂದ ಬಂದಾಗ. ಊಟದ ನಡುವೆ ಅವರು ಮೆಲ್ಲಗೆ, "ಮಾವ, ಆ ಟೈಮಲ್ಲಿ ರಿಸ್ಕ್ ಬೇಡ. ಕ್ಯಾಬ್ ಮಾಡ್ಕೊಳ್ಳೋಣ" ಎಂದರು. ಭಾವ ತುಪ್ಪ ಸುರಿದಿದ್ದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೋಳಿಗೆ! ಅರ್ಧಕ್ಕೆ! ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಗಳು ಹಿಂದೆಯೇ ಹೋಗಿ ಒಂದು ಒಪ್ಪಂದ ಮಾಡಿಕೊಂಡಳು. "ಅಪ್ಪಾ, ಆ ದಿನ ದೀಪ ಆರಿದ್ರೆ ನಿಮ್ಮ ಕಾರು. ಉರೀತಿದ್ರೆ ಕ್ಯಾಬು. ಬೇಜಾರು ಮಾಡ್ಕೋಬಾರ್ದು."

ಭಾವ ಒಪ್ಪಿದರು. ಒಪ್ಪಿದ ಮರುದಿನದಿಂದ ರಿಹರ್ಸಲ್ ಶುರು! ಮುಂದೆ ಭಾವ, ಹಿಂದಿನ ಸೀಟಿನಲ್ಲಿ ಬಸುರಿಯ ಪಾತ್ರದಲ್ಲಿ ಅಕ್ಕ, ಪಕ್ಕದಲ್ಲಿ ಫ್ಲಾಸ್ಕು, ಚೀಲ ಹಿಡಿದು ನಾನು. ನಿಜವಾದ ಬಸುರಿ ಮನೆಯ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಾ ಟಾಟಾ ಮಾಡುತ್ತಿದ್ದಳು.

"ಸ್ವಲ್ಪ ನರಳೇ" ಎನ್ನುತ್ತಿದ್ದರು ಭಾವ, ಕನ್ನಡಿಯಲ್ಲಿ ಅಕ್ಕನನ್ನು ನೋಡಿ. "ನೀನು ಹಿಂಗೆ ಸುಮ್ನೆ ಕೂತ್ರೆ ನನಗೆ ಅವಸರ ಹೆಂಗೆ ಬರುತ್ತೆ?"

"ಈ ವಯಸ್ಸಲ್ಲಿ ನರಳೋದೊಂದು ಬಾಕಿ ಇತ್ತು. ಮುಂದೆ ನೋಡ್ಕೊಂಡು ಓಡಿಸ್ರೀ."

"ಅಮ್ಮಾ ಅನ್ನು, ಸಾಕು."

"ಅಮ್ಮಾ" ಎಂದಳು ಅಕ್ಕ, ತರಕಾರಿಯವನನ್ನು ಕರೆಯುವ ದನಿಯಲ್ಲಿ. ಅಷ್ಟು ಹೊತ್ತಿಗೆ ದೊಡ್ಡದೊಂದು ಹಳ್ಳ ಬಂತು, ಕಾರು ಎಗರಿತು, ಅಕ್ಕ ನಿಜವಾಗಿಯೇ "ಅಯ್ಯಮ್ಮಾ!" ಎಂದಳು. ಭಾವನವರಿಗೆ ಖುಷಿಯೋ ಖುಷಿ. "ಹಾಂ, ಇದು ಸರಿಯಾಗಿದೆ!"

ಆದರೆ ದೇವನಹಳ್ಳಿ ಇನ್ನೇನು ಬಂತು ಎನ್ನುವಾಗ ದೀಪ ಹತ್ತಿತು. ಭಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೀಲಿ ತೆಗೆದರು. ತಮಾಷೆ ಮಾಡಲು ಬಾಯಿ ತೆರೆದವಳು ನಾನು ಫ್ಲಾಸ್ಕನ್ನು ಅಕ್ಕನ ಕೈಗೆ ಕೊಟ್ಟೆ. ಕನ್ನಡಿಯಲ್ಲಿ ಕಂಡ ಭಾವನವರ ಮುಖ ತೀರಾ ಮಂಕಾಗಿತ್ತು. ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವರ ಕೈಗೆ ಕೊಟ್ಟು, "ಇನ್ನೂ ದಿನ ಇದೆ ಬಿಡಿ" ಎಂದಳು.

ಗುಟ್ಟು ಬಯಲಾದದ್ದು ರಾಗಿ ಹಿಟ್ಟಿನ ದಿನ. ಅಕ್ಕನೂ ನಾನೂ ಮಿಲ್ಲಿಗೆ ಹೋಗಬೇಕಿತ್ತು. ದಾರಿಯಲ್ಲೇ ಗ್ಯಾರೇಜು ಎಂದು ಭಾವ ನಮ್ಮನ್ನು ಹಿಟ್ಟಿನ ಡಬ್ಬದ ಸಮೇತ ಅಲ್ಲಿಗೆ ಕರೆದೊಯ್ದರು. ಬಾಬಣ್ಣ ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದರು. ಬೆರಳಿಗಿಂತ ತುಸು ದೊಡ್ಡ ಕರಿ ಸಾಮಾನು, ತುದಿಯಲ್ಲಿ ಕೂದಲಿನಂಥ ತಂತಿ. ತಂತಿಯ ತುಂಬ ಕಂದು ಬಣ್ಣದ ಅಂಟು.

"ನೋಡಿ ಯಜಮಾನ್ರೇ, ಮೊನ್ನೆ ತಾನೆ ಹಾಕಿದ್ದು. ಆಗಲೇ ಬೆಲ್ಲದ ಪಾಕ ಮೆತ್ತಿದಂಗಿದೆ. ನಿಮ್ಮ ಬೀದಿಗೇನಾದ್ರೂ ಟಾರ್ ಹಾಕ್ತಿದಾರಾ?"

"ನಮ್ಮ ಬೀದಿಗೆ? ಟಾರು?" ಎಂದರು ಭಾವ. ಆ ಆಸೆಯನ್ನು ನಾವು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅಕ್ಕ ಹಿಟ್ಟಿನ ಡಬ್ಬ ಕೆಳಗಿಟ್ಟು, "ಇಲ್ಲಿ ಕೊಡಿ ಬಾಬಣ್ಣ" ಎಂದು ಅದನ್ನು ಇಸಿದುಕೊಂಡಳು. ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದಳು.

"ರೀ, ಇದು ನಮ್ಮ ಸಾಂಬ್ರಾಣಿ."

"ಇಂಜಿನ್ ಒಳಗೆ ಸಾಂಬ್ರಾಣಿ ಹೆಂಗಮ್ಮ ಬರುತ್ತೆ?" ಎಂದರು ಬಾಬಣ್ಣ. ಭಾವ ಆಕಾಶ ನೋಡಿದರು, ಟಯರು ನೋಡಿದರು, ಕೊನೆಗೆ ಆ ಕಪ್ಪು ಡಬ್ಬದ ಕ್ಲಿಪ್ಪು ಬಿಚ್ಚುವುದನ್ನು ಸಣ್ಣ ದನಿಯಲ್ಲಿ ವಿವರಿಸಿದರು. ಬಾಬಣ್ಣ ಹಣೆ ಚಚ್ಚಿಕೊಂಡರು.

"ಅಯ್ಯೋ ಯಜಮಾನ್ರೇ! ಅದು ಗಾಳಿ ಸೋಸೋ ಡಬ್ಬ. ಎಷ್ಟು ಗಾಳಿ ಒಳಗೆ ಬರ್ತಿದೆ ಅಂತ ಇಂಜಿನ್‌ಗೆ ಹೇಳೋದೇ ಈ ಸೆನ್ಸರ್. ಕಾರಿನ ಮೂಗಿಗೇ ಹೊಗೆ ಹಾಕಿದೀರಲ್ಲ! ಪಾಪ, ಅದು ಕೆಮ್ಮೋಕೆ ಬರದೆ ದೀಪ ಹಚ್ತಿತ್ತು. ನೀವು ಅದಕ್ಕೆ ಇನ್ನೊಂದಿಷ್ಟು ಹೊಗೆ! ನಾನು ಮುಟ್ಠಾಳ, ಬಂಕಿನವರನ್ನ ಬೈಕೊಂಡು ಕೂತಿದ್ದೆ."

ಬಾಬಣ್ಣ ನಕ್ಕರು, ಗ್ಯಾರೇಜಿಗೆ ಬಂದಿದ್ದವರೆಲ್ಲ ನಕ್ಕರು. ನಾನಂತೂ ನಗು ತಡೆಯಲಾಗದೆ ಹಿಟ್ಟಿನ ಡಬ್ಬದ ಮೇಲೆ ಕುಳಿತುಬಿಟ್ಟೆ. ಅಕ್ಕ ಮಾತ್ರ ನಗಲಿಲ್ಲ. "ಸಾಕು ಬಿಡಿ, ತೊಳೆದು ಹಾಕ್ಕೊಡಿ" ಎಂದಳು, ಸ್ವಲ್ಪ ಬಿರುಸಾಗಿಯೇ. ನನಗೆ ಆಶ್ಚರ್ಯವಾಯಿತು. ಗಂಡನನ್ನು ಹಾಸ್ಯ ಮಾಡುವ ಇಂಥ ಅವಕಾಶವನ್ನು ಅಕ್ಕ ಬಿಟ್ಟವಳೇ?

ದೀಪ ಆರಿತು. ಕಾರಿಗೆ ಧೂಪ ಬಂದ್ ಎಂದು ಮಗಳು ಆಜ್ಞೆ ಹೊರಡಿಸಿದಳು. ಆದರೆ ಶುಕ್ರವಾರ ಬರುವುದು ತಪ್ಪುತ್ತದೆಯೇ? ಸಂಜೆ ಕೆಂಡದ ಬಟ್ಟಲು ಹಿಡಿದು ಭಾವ ಮಗ್ಗಗಳಿಗೆ ಧೂಪ ಹಾಕಿ, ಪಂಪಿಗೆ ಹಾಕಿ, ಕಾರಿನ ಮುಂದೆ ಬಂದು ನಿಂತರು. ಅಕ್ಕ ಮೊದಲೇ ಯೋಚಿಸಿದ್ದಳು. ಒಳ್ಳೆಯ ಬಿಸಿಲಿನ ಕಾಲ, ಬಾನೆಟ್ಟಿನ ತುಂಬ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟುಬಿಟ್ಟಿದ್ದಳು! ಸಂಡಿಗೆ ಕದಲಿಸಿ ಬಾನೆಟ್ಟು ಎತ್ತುವ ಧೈರ್ಯ ಈ ಲೋಕದಲ್ಲಿ ಯಾವ ಗಂಡಸಿಗಿದೆ? ಭಾವ ಬಟ್ಟಲು ಹಿಡಿದು ಕಾರನ್ನು ಒಂದು ಸುತ್ತು ಬಂದರು. ಹಿಂದಿನ ಟಯರಿಗೆ ದೂರದಿಂದಲೇ ಸ್ವಲ್ಪ ತೋರಿಸಿದರು. ಮತ್ತೆ ಮುಂದೆ ಬಂದು ನಿಂತೇ ಇದ್ದರು. ಮನೆಯ ಮುಂದೆ ಬಂದ ನೆಂಟನನ್ನು ಒಳಗೆ ಕರೆಯಲಾಗದೆ ನಿಂತವರ ಹಾಗೆ.

ಒಳಗಿನಿಂದ ಮಗಳ ದನಿ ಕೇಳಿದ್ದು ಆಗಲೇ. "ಅಮ್ಮಾ!" ಅದು ರಿಹರ್ಸಲ್ಲಿನ "ಅಮ್ಮಾ" ಆಗಿರಲಿಲ್ಲ.

ಆಮೇಲಿನದು ಸರಿಯಾಗಿ ನೆನಪಿಲ್ಲ ಎಂದರೆ ನಂಬಿ. ಚೀಲ ಸಿಕ್ಕಿತು, ಫ್ಲಾಸ್ಕು ಮರೆತುಹೋಯಿತು. ಅಕ್ಕ ಪಂಚೆ ಸಮೇತ ಸಂಡಿಗೆ ಎಳೆದಳು, ಅರ್ಧ ನೆಲಕ್ಕೆ, ಉಳಿದದ್ದು ವೈಪರಿನ ಸಂದಿಗೆ. ಮಗಳು ಹಲ್ಲು ಕಚ್ಚಿಕೊಂಡು, "ಅಪ್ಪಾ, ದೀಪ?" ಎಂದಳು. ಭಾವ ಕೀಲಿ ತಿರುಗಿಸಿದರು. ಹಳದಿ ಚಿತ್ರ ಒಂದು ಕ್ಷಣ ಮಿಂಚಿ ಆರಿತು. "ಇಲ್ಲ ಪುಟ್ಟಿ. ಇಲ್ಲ. ಹತ್ತಿಲ್ಲ" ಎಂದು ಭಾವ ಹೊರಟರು. ದಾರಿಯುದ್ದಕ್ಕೂ ವೈಪರಿನಿಂದ ಸಂಡಿಗೆ ಒಂದೊಂದಾಗಿ ಹಾರಿಹೋಗುತ್ತಿದ್ದವು. ರಿಹರ್ಸಲ್ಲಿನಲ್ಲಿ ಎಗರಿಸಿದ್ದ ಆ ಹಳ್ಳವನ್ನು ಭಾವ ಎಷ್ಟು ನಾಜೂಕಾಗಿ ಬಳಸಿಕೊಂಡು ಹೋದರೆಂದರೆ, ನನ್ನ ಕೈಯಲ್ಲಿದ್ದ ನೀರಿನ ಲೋಟ ತುಳುಕಲಿಲ್ಲ. ದೇವನಹಳ್ಳಿ ಬಂತು. ದೀಪ ಬರಲಿಲ್ಲ.

ಮಗಳನ್ನು ಒಳಗೆ ಕರೆದೊಯ್ದರು. ಅಳಿಯಂದಿರು ಹೊಸಕೋಟೆಯಿಂದ ಹೊರಟಿದ್ದರು. ಬೆಂಚಿನ ಮೇಲೆ ಅಕ್ಕನೂ ನಾನೂ. ಭಾವ ಕಾರಿನ ಹತ್ತಿರ ಹೋದವರು ಬಂದಿರಲಿಲ್ಲ. ಕಿಟಕಿಯಿಂದ ನೋಡಿದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು. ನನಗೆ ನಗು ಬಂತು. ಹೊತ್ತು ಕಳೆಯಲು ಏನಾದರೂ ಮಾತು ಬೇಕಿತ್ತು. "ಅಕ್ಕಾ, ಅವತ್ತು ಗ್ಯಾರೇಜಿನಲ್ಲಿ ನೀನೊಬ್ಬಳೇ ನಗಲಿಲ್ಲ ನೋಡು" ಎಂದೆ.

ಅಕ್ಕ ಸೆರಗಿನ ಅಂಚು ಮಡಿಸುತ್ತಾ ಕುಳಿತಿದ್ದಳು.

"ಇವಳು ಹುಟ್ಟೋವಾಗ ನಾವಿನ್ನೂ ಮಾಕಳಿದುರ್ಗದ ಆಚೆ ಅವರ ಹಳ್ಳಿಲಿದ್ವಲ್ಲ. ನೋವು ಬಂದಾಗ ಸಿಕ್ಕಿದ್ದು ನೂಲಿನ ಟೆಂಪೋ ಒಂದೇ. ನೂಲಿನ ಗಂಟುಗಳ ಮೇಲೇ ಮಲಗಿದ್ದೆ. ದುರ್ಗದ ಏರಲ್ಲಿ ಟೆಂಪೋ ಕಾದು ಹೊಗೆ ಬಿಟ್ಟು ನಿಂತುಬಿಡ್ತು. ಹಿಂದೆ ಮುಂದೆ ಒಂದು ಮನೆಯಿಲ್ಲ. ಡ್ರೈವರ್ ನೀರು ತರೋಕೆ ಅಂತ ಹೋದ. ಇವರಿಗೆ ಆಗ ಗಾಡಿ ವಿಷಯ ಏನ್ ಗೊತ್ತಿತ್ತು? ಚೀಲದಲ್ಲಿ ಊದುಬತ್ತಿ ಇತ್ತು. ಹಚ್ಚಿ ಬಾನೆಟ್ಟಿಗೆ ಸಿಕ್ಕಿಸಿ, ಮೇಲೆ ಕೈಯಿಟ್ಟು ನಿಂತ್ಕೊಂಡು ಅದರ ಜೊತೆ ಮಾತಾಡ್ತಿದ್ರು ಕಣೇ. 'ಇನ್ನೊಂದು ಚೂರು ದೂರ ಎಳ್ಕೊಂಡು ಹೋಗಪ್ಪ. ಬದುಕಿರೋವರೆಗೂ ನಿನ್ನ ಮರೆಯಲ್ಲ' ಅಂತ. ನನಗೆ ಒಳಗಿಂದ ಎಲ್ಲ ಕೇಳಿಸ್ತಿತ್ತು. ಆಮೇಲೆ ಡ್ರೈವರ್ ನೀರು ತಂದ, ಅದು ಸ್ಟಾರ್ಟ್ ಆಯ್ತು. ಆಸ್ಪತ್ರೆವರೆಗೂ ನಿಲ್ಲಲಿಲ್ಲ."

ಅಷ್ಟು ಹೊತ್ತಿಗೆ ಇಂಜಿನ್ ತಣ್ಣಗಾಗಿತ್ತು, ನೀರೂ ಬಿದ್ದಿತ್ತು ಎಂದು ಯಾರಾದರೂ ಹೇಳಬಹುದು. ನಾನು ಕಿಟಕಿಯಿಂದ ಇನ್ನೊಮ್ಮೆ ಭಾವನವರನ್ನು ನೋಡಿದೆ.

"ಆ ಟೆಂಪೋ ಗುಜರಿಗೆ ಹೋಗಿ ಎಷ್ಟೋ ವರ್ಷ ಆಯ್ತು" ಎಂದಳು ಅಕ್ಕ. "ಮಾತು ಕೊಟ್ಟಿದ್ದಾರಲ್ಲ, ಯಾವುದಕ್ಕೆ ಅಂತ ತೀರಿಸ್ತಾರೆ? ಕಣ್ಣಿಗೆ ಬಿದ್ದ ಮೆಷಿನ್ನಿಗೆಲ್ಲ ಹಾಕ್ತಾರೆ. ಮಿಕ್ಸಿಗೂ ಹಾಕ್ತಾರೆ. ನಾನು ಹೆಂಗೆ ನಗಲಿ ಹೇಳು."

ಅಷ್ಟರಲ್ಲಿ ಭಾವ ಒಳಗೆ ಬಂದರು. "ಆಫ್ ಮಾಡಿ, ಆನ್ ಮಾಡಿ, ಇನ್ನೊಂದ್ಸಲ ನೋಡ್ದೆ. ದೀಪ ಬರಲಿಲ್ಲ" ಎಂದು ವರದಿ ಒಪ್ಪಿಸಿ, ಅಕ್ಕನ ಪಕ್ಕದಲ್ಲಿ ಕುಳಿತರು. ಅಕ್ಕ ಅವರ ಒಂದು ಕೈ ಹಿಡಿದುಕೊಂಡಳು. ಹಾಗೆ ಕುಳಿತಿದ್ದಾಗಲೇ ನರ್ಸಮ್ಮ ಬಾಗಿಲು ತೆರೆದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದರು.

ಈಗ ಕಾರು ಆರಾಮವಾಗಿದೆ. ದೀಪ ಮತ್ತೆ ಹತ್ತಿಲ್ಲ. ಸಂಡಿಗೆಯ ಚೂರು ಮಾತ್ರ ವೈಪರಿನಿಂದ ಈಗಲೂ ಆಗೀಗ ಉದುರುತ್ತದೆ.

ಮೊನ್ನೆ ಬಾಣಂತಿಗೆ ತಲೆಗೆ ನೀರು ಹಾಕಿದ ದಿನ. ಕೂದಲು ಆರಿಸಲು ಅಕ್ಕ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಳು. ಮಗಳಿಗೆ ಆದ ಮೇಲೆ, ಹಾಗೇ ಮಗುವಿಗೂ ಚೂರು ಹೊಗೆ ತೋರಿಸೋಣವೆಂದು ಬಟ್ಟಲನ್ನು ಇತ್ತ ತಿರುಗಿಸಿದಳು. ಭಾವ ಎಲ್ಲಿದ್ದರೋ, ಶೆಡ್ಡಿನಿಂದ ಓಡಿ ಬಂದು ಬಟ್ಟಲಿಗೆ ಕೈ ಅಡ್ಡ ಹಿಡಿದರು.

"ಮೂಗಿನ ಹತ್ರ ಬೇಡ ಕಣೇ! ಅಲ್ಲಿ ಸೆನ್ಸರ್ ಇರುತ್ತೆ."

ಬಟ್ಟಲನ್ನು ತಾವೇ ಅಂಗಳಕ್ಕೆ ಕೊಂಡುಹೋಗಿ ಇಟ್ಟು, ಕೈ ತೊಳೆದು, ಒರೆಸಿಕೊಂಡು ಬಂದರು. ಮಗುವಿನ ಹಣೆಯ ಮೇಲೆ ಅಂಗೈ ಇಟ್ಟರು. ಕೈ ತಿರುಗಿಸಿ ಇಟ್ಟರು. ಆಮೇಲೆ ಬಾಗಿ, ಅದರ ಪುಟ್ಟ ಎದೆಗೆ ಕಿವಿ ಹಿಡಿದು ಬಹಳ ಹೊತ್ತು ಕೇಳಿದರು. ಶೆಡ್ಡಿನಲ್ಲಿ ಮಗ್ಗಗಳೆಲ್ಲ ಕಟಕಟ ಎನ್ನುತ್ತಲೇ ಇದ್ದವು.

"ಸದ್ದು ಸರಿಯಾಗಿದೆ" ಎಂದರು.